ನೀವಿಲ್ಲದ ದಿನವೂ ಶೆಡ್ ನಡೆಯಬೇಕು: ಜೊತೆಗಿರುವವರನ್ನು ಬೆಳೆಸುವ ದಿನನಿತ್ಯದ ರೂಢಿಗಳು

ಐದು ವರ್ಷದ ಹಿಂದೆ ನನಗೆ ಡೆಂಗಿ ಬಂತು. ಹತ್ತು ದಿನ ಹಾಸಿಗೆ ಹಿಡಿದೆ. ಹುಬ್ಬಳ್ಳಿಯ ಗೋಕುಲ ರೋಡಿನ ನಮ್ಮ ಶೆಡ್ಡಿನಲ್ಲಿ ಆಗ ಹದಿನಾಲ್ಕು ಮಂದಿ ಇದ್ದರು. ಪೈಪಿನ ಹರಿವು ತಡೆಯುವ ವಾಲ್ವ್ ಜೋಡಿಸಿ, ಟೆಸ್ಟ್ ಮಾಡಿ ಕಳಿಸುವ ಕೆಲಸ. ಮೂರನೇ ದಿನ ಜ್ವರ ಸ್ವಲ್ಪ ಇಳಿದಾಗ ಫೋನ್ ನೋಡಿದರೆ ನಲವತ್ತೆರಡು ಮಿಸ್ಡ್ ಕಾಲ್. ಯಾವ ಗ್ಯಾಸ್ಕೆಟ್ (ಸೋರದಂತೆ ಸಂದಿನಲ್ಲಿ ಇಡುವ ಪಟ್ಟಿ) ಹಾಕೋದು, ಲಾರಿಯವನಿಗೆ ಬಾಡಿಗೆ ಎಷ್ಟು ಕೊಡೋದು, ಸ್ಟೋರಿನ ಕೀಲಿ ಎಲ್ಲಿ. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೆ ಖುಷಿಯೇ ಆಯಿತು. ನಾನಿಲ್ಲದೆ ಏನೂ ನಡೆಯುವುದಿಲ್ಲ ನೋಡು ಅಂತ ಹೆಂಡತಿಗೆ ಹೇಳಿದೆ. ಗಂಜಿಯ ಬಟ್ಟಲು ಕೆಳಗಿಡುತ್ತ ಅವಳು ಅಂದಳು: "ಹದಿನಾಕು ಮಂದಿಗೆ ಪಗಾರ ಕೊಡ್ತೀರಿ, ಕೆಲಸ ಮಾತ್ರ ಒಬ್ಬರ ಮಾಡ್ತೀರಿ. ಮ್ಯಾಲೆ ಅದಕ್ಕ ಹೆಮ್ಮೆ ಬ್ಯಾರೆ."

ಆ ಮಾತು ಜ್ವರಕ್ಕಿಂತ ಜಾಸ್ತಿ ದಿನ ಕಾಡಿತು. ಅಲ್ಲಿಂದ ಈಚೆಗೆ ನಾನು ಬದಲಿಸಿಕೊಂಡ ರೂಢಿಗಳನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಾಯಕ ಎಂಬ ಪದ ನನಗೆ ಅಷ್ಟು ಹಿಡಿಸುವುದಿಲ್ಲ, ಅದು ಕೇಳಿದರೆ ಸರ್ಕಲ್ಲಿನ ಕಟೌಟು ನೆನಪಾಗುತ್ತದೆ. ನಾನು ಹೇಳುತ್ತಿರುವುದು ನಾಲ್ಕು ಮಂದಿಯ ಗ್ಯಾರೇಜ್ ನಡೆಸುವವರಿಗೆ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಹಮಾಲರನ್ನೂ ಗುಮಾಸ್ತರನ್ನೂ ನೋಡಿಕೊಳ್ಳುವವರಿಗೆ, ಗದಗಿನ ಪ್ರಿಂಟಿಂಗ್ ಪ್ರೆಸ್ಸಿನ ಸೂಪರ್‌ವೈಸರ್‌ಗೆ, ಮೊನ್ನೆಯಷ್ಟೇ ಟೀಮ್ ಲೀಡ್ ಆದ ಹುಡುಗಿಗೆ. ಉದಾಹರಣೆ ಮಾತ್ರ ವಾಲ್ವಿನದು. ನನಗೆ ಬರುವುದು ಅದೇ.

ಮೊದಲು ಒಂದು ವಹಿ ಮಾಡಿ

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಒಬ್ಬೊಬ್ಬರಿಗೆ ನಾಲ್ಕು ಪುಟ ಬಿಡಿ. ಅದರಲ್ಲಿ ಮೂರು ಸಂಗತಿ ಬರೆಯಿರಿ: ಇವರಿಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ, ಏನು ಕಲಿಯುವ ಆಸೆ ಇದೆ, ಮನೆಯ ಯಾವ ವಿಷಯ ಕೆಲಸಕ್ಕೆ ತಾಗುತ್ತದೆ. ಯಾರನ್ನೂ ಕೇಳದೆ, ನೆನಪಿನಿಂದಲೇ ಮೊದಲ ಸಲ ಬರೆಯಿರಿ. ಖಾಲಿ ಉಳಿದ ಜಾಗವೇ ನಿಮ್ಮ ಮೊದಲ ತಿಂಗಳ ಕೆಲಸ. ನಾನು ಬರೆಯಲು ಕೂತಾಗ ಆರು ವರ್ಷದಿಂದ ಜೊತೆಗಿದ್ದ ಒಬ್ಬರ ಪುಟದಲ್ಲಿ ಹೆಸರು, ಮೊಬೈಲ್ ನಂಬರ್ ಬಿಟ್ಟು ಏನೂ ಮೂಡಲಿಲ್ಲ. ನಾಚಿಕೆಯಾಯಿತು.

ಮನೆಯ ವಿಷಯ ಯಾಕೆ ಅಂದರೆ, ಒಬ್ಬ ಕುಂದಗೋಳದಿಂದ ರೈಲಿಗೆ ಬರುತ್ತಾನೆ. ಅವನು ಹತ್ತು ನಿಮಿಷ ತಡವಾದರೆ ಅದು ಸೋಮಾರಿತನ ಅಲ್ಲ. ಇನ್ನೊಬ್ಬರಿಗೆ ನವಲಗುಂದದ ಹತ್ತಿರ ಮೂರು ಎಕರೆ ಎರೆ ಹೊಲ. ಮುಂಗಾರಿ ಹದವಾದರೆ ಬಿತ್ತನೆಗೆ ಹೋಗೇ ಹೋಗುತ್ತಾರೆ, ನೀವು ರಜೆ ಕೊಟ್ಟರೂ ಕೊಡದಿದ್ದರೂ. ಮೊದಲೇ ಗೊತ್ತಿದ್ದರೆ ಜೂನ್ ತಿಂಗಳ ಲೆಕ್ಕ ಹಾಕಬಹುದು, ಅಲ್ವಾ?

ಒಂದು ಎಚ್ಚರಿಕೆ. ಇದು ಪೊಲೀಸ್ ಡೈರಿ ಅಲ್ಲ. ಆ ವ್ಯಕ್ತಿಯೇ ಬಂದು "ನನ್ನ ಪುಟ ತೋರಸ್ರಿ" ಅಂದರೆ ತೋರಿಸುವಂತಿರಬೇಕು. ತೋರಿಸಲು ಸಂಕೋಚ ಆಗುವಂಥದ್ದನ್ನು ಬರೆಯಬೇಡಿ.

ಬೆಳಗಿನ ಅರ್ಧ ತಾಸು

ನಮ್ಮಲ್ಲಿ ಕೆಲಸ ಶುರುವಾಗುವುದು 9ಕ್ಕೆ. ನಾನು 8:40ಕ್ಕೆ ಇರುತ್ತೇನೆ. ಗೇಟಿನಲ್ಲಿ ನಿಂತು ಗಡಿಯಾರ ನೋಡಲಿಕ್ಕಲ್ಲ. ಒಂದು ಸುತ್ತು ಹಾಕುತ್ತೇನೆ, ಬಂದವರನ್ನು ಹೆಸರು ಹಿಡಿದು ಮಾತಾಡಿಸುತ್ತೇನೆ. ಹಿರಿಯ ಫಿಟ್ಟರ್ ಒಬ್ಬರಿದ್ದಾರೆ, ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುವುದು. "ಕಾಕಾ, ಮೊಣಕಾಲು ಹೆಂಗೈತ್ರಿ?" ಅಂದರೆ ಎರಡು ನಿಮಿಷದಲ್ಲಿ ಇಡೀ ಶೆಡ್ಡಿನ ಹವಾ ಗೊತ್ತಾಗುತ್ತದೆ. ಯಾರಿಗೆ ಯಾರ ಮೇಲೆ ಸಿಟ್ಟು, ಯಾವ ಮಷಿನ್ ಸದ್ದು ಮಾಡುತ್ತಿದೆ, ಎಲ್ಲ.

9ಕ್ಕೆ ಸರಿಯಾಗಿ ಹಲಗೆಯ ಮುಂದೆ ಎಲ್ಲರೂ ನಿಂತುಕೊಳ್ಳುತ್ತೇವೆ. ಕೂರುವುದಿಲ್ಲ, ಕೂತರೆ ಮಾತು ಬೆಳೆಯುತ್ತದೆ. ಹತ್ತು ನಿಮಿಷ, ಮೂರು ಪ್ರಶ್ನೆ: ನಿನ್ನೆ ಏನು ಮುಗಿಯಿತು, ಇವತ್ತು ಏನು ಮುಗಿಸಬೇಕು, ಎಲ್ಲಿ ಅಡ್ಡಿ ಇದೆ. ಎಲ್ಲರಿಗಿಂತ ಕಿರಿಯರು ಮೊದಲು ಹೇಳುತ್ತಾರೆ. ನಾನು ಕೊನೆಗೆ. ಈ ಕ್ರಮ ಸಣ್ಣದಾಗಿ ಕಾಣುತ್ತದೆ, ಆದರೆ ಬದಲಿಸಬೇಡಿ. ಯಜಮಾನ ಬಾಯಿ ಬಿಟ್ಟ ಮೇಲೆ ನಮ್ಮ ಕಡೆ ಯಾರೂ ಎದುರು ಹೇಳುವುದಿಲ್ಲ. ಎಲ್ಲರೂ "ಹೌದ್ರಿ" ಅನ್ನುತ್ತಾರೆ, ಮಧ್ಯಾಹ್ನ ಕೆಲಸ ನಿಂತಾಗ ನಿಜ ಹೊರಗೆ ಬರುತ್ತದೆ.

ಅಡ್ಡಿ ಎಂದು ಹೇಳಿದ್ದನ್ನು ಹಲಗೆಯ ಬಲಗಡೆ ಬರೆಯಿರಿ. ಸಂಜೆಯೊಳಗೆ ತೆಗೆಯಿರಿ. ಆಗದಿದ್ದರೆ ಯಾಕೆ ಆಗಲಿಲ್ಲ, ಯಾವತ್ತು ಆಗುತ್ತದೆ ಎಂದು ಹೇಳಿ. ಗ್ರೈಂಡರಿನ ಸ್ವಿಚ್ ಕೆಟ್ಟಿದೆ ಎಂಬ ಒಂದೇ ಸಾಲು ಮೂರು ದಿನ ಹಾಗೇ ಇದ್ದರೆ, ನಾಲ್ಕನೇ ದಿನ ಯಾರೂ ಏನೂ ಹೇಳುವುದಿಲ್ಲ. ಆಮೇಲೆ ನೀವು "ನಮ್ಮ ಮಂದಿ ಬಾಯೇ ಬಿಡಲ್ಲ" ಎಂದು ಊರೆಲ್ಲ ಹೇಳಿಕೊಂಡು ಓಡಾಡುತ್ತೀರಿ.

ಈ ಅರ್ಧ ತಾಸಿನಲ್ಲಿ ಯಾರನ್ನೂ ಬೈಯಬೇಡಿ. ಬೆಳಗ್ಗೆ ಬೈಸಿಕೊಂಡವನು ಇಡೀ ದಿನ ಅದನ್ನೇ ಮೆಲುಕು ಹಾಕುತ್ತಾನೆ.

ಕೆಲಸ ಹೇಳುವ ರೀತಿ

ವಾಲ್ವಿನ ಬಾಡಿ ಮೇಲೆ ಬಾನೆಟ್, ಅಂದರೆ ಮೇಲಿನ ಮುಚ್ಚಳ, ಕೂರಿಸಿ ಬೋಲ್ಟ್ ಬಿಗಿಯುವ ಕೆಲಸ ಇದೆ ಅಂದುಕೊಳ್ಳಿ. ನಾನು ಮೊದಲು ಹೇಳುತ್ತಿದ್ದದ್ದು ಇಷ್ಟೇ: "ಇವನ್ನ ಬಿಗಿ ಮಾಡಪಾ." ಹುಡುಗ ಒಂದು ಕಡೆಯಿಂದ ಸುತ್ತ ಸಾಲಾಗಿ ಬಿಗಿಯುತ್ತಾ ಹೋಗುತ್ತಿದ್ದ. ಒಂದು ಬದಿಯ ಗ್ಯಾಸ್ಕೆಟ್ ಜಜ್ಜಿ, ಇನ್ನೊಂದು ಬದಿ ಎದ್ದು, ಟೆಸ್ಟಿಗೆ ಹಾಕಿದರೆ ನೀರು ಜಿನುಗುತ್ತಿತ್ತು. ಆಮೇಲೆ ನನ್ನ ಬೈಗುಳ.

ಈಗ ಐದು ಮಾತು ಹೇಳುತ್ತೇನೆ. ಏನು ಮಾಡಬೇಕು: ಈ ಹನ್ನೆರಡು ಬಾನೆಟ್. ಯಾವಾಗಿನೊಳಗೆ: ಊಟದ ಮೊದಲು. ಹೇಗಿದ್ದರೆ ಸರಿ: ಸುತ್ತಲೂ ಸಂದು ಒಂದೇ ಸಮ ಇರಬೇಕು. ಯಾಕೆ: ಎದುರು ಬದುರು ಬೋಲ್ಟ್ ಹಿಡಿದು ಸ್ವಲ್ಪ ಸ್ವಲ್ಪ ಬಿಗಿದರೆ ಗ್ಯಾಸ್ಕೆಟ್ ಸಮ ಕೂರುತ್ತದೆ, ಸಾಲಾಗಿ ಬಿಗಿದರೆ ಕೂರುವುದಿಲ್ಲ. ಎಲ್ಲಿ ನಿಲ್ಲಿಸಿ ನನ್ನನ್ನು ಕೇಳಬೇಕು: ಸ್ಟಡ್ಡಿನ, ಅಂದರೆ ತಲೆಯಿಲ್ಲದ ಬೋಲ್ಟಿನ, ಥ್ರೆಡ್ ಕಡಿದದ್ದು ಕಂಡರೆ. ಐದರಲ್ಲಿ "ಯಾಕೆ" ಎಂಬುದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಯಾಕೆ ಗೊತ್ತಿದ್ದವನು ಬೇರೆ ಸೈಜಿನ ವಾಲ್ವ್ ಬಂದಾಗಲೂ ತಾನೇ ಯೋಚಿಸಿ ಸರಿ ಮಾಡುತ್ತಾನೆ. ಗೊತ್ತಿಲ್ಲದವನು ಪ್ರತಿ ಸಲ ನಿಮ್ಮ ಹತ್ತಿರ ಬರುತ್ತಾನೆ.

ಕೊನೆಗೆ "ಗೊತ್ತಾತೇನಪಾ?" ಅಂತ ಕೇಳಬೇಡಿ. ಅದಕ್ಕೆ ನಮ್ಮಲ್ಲಿ ಒಂದೇ ಉತ್ತರ: "ಹೂನ್ರಿ ಸರ." ಗೊತ್ತಾಗದಿದ್ದರೂ ಅದೇ. "ಮೊದಲ ಯಾವ ಬೋಲ್ಟ್ ಹಿಡೀತಿ, ಆಮ್ಯಾಲೆ ಯಾವುದು, ತೋರಸು" ಅನ್ನಿ. ಕೈ ಸುಳ್ಳು ಹೇಳುವುದಿಲ್ಲ.

ಕಲಿಸುವುದು, ಸಮಾಧಾನದಿಂದ

ಇದರ ಮೇಲೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಒಂದು ಫಜೀತಿ ಬಂತು. ಯುದ್ಧ ಸಾಮಗ್ರಿಗೆ ಬೇಡಿಕೆ ಏರಿತು, ನುರಿತ ಕೈಗಳು ಸೈನ್ಯಕ್ಕೆ ಹೋದವು. ಹೊಸಬರನ್ನು ಬೇಗ ತಯಾರು ಮಾಡಲು 1940ರಲ್ಲಿ 'ಟ್ರೇನಿಂಗ್ ವಿದಿನ್ ಇಂಡಸ್ಟ್ರಿ' ಎಂಬ ಸರ್ಕಾರಿ ಯೋಜನೆ ಶುರುವಾಯಿತು, 1945ರವರೆಗೆ ನಡೆಯಿತು. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಯಿತು, ಟೊಯೋಟಾದಂಥ ಕಂಪನಿಗಳು ಅದನ್ನು ರೂಢಿ ಮಾಡಿಕೊಂಡವು. ಮೇಸ್ತ್ರಿಗಳಿಗೆ ಕಿಸೆಯಲ್ಲಿ ಇಟ್ಟುಕೊಳ್ಳಲು ಒಂದು ಸಣ್ಣ ಕಾರ್ಡ್ ಕೊಡುತ್ತಿದ್ದರು. ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ ಎಂಬುದು ಆ ಕಾರ್ಡಿನ ತಿರುಳು. ನಾಲ್ಕೇ ಹೆಜ್ಜೆ: ಕಲಿಯುವವರ ಮನಸ್ಸು ಸಿದ್ಧ ಮಾಡು, ಮಾಡಿ ತೋರಿಸು, ಅವರ ಕೈಯಿಂದ ಮಾಡಿಸು, ಆಮೇಲೂ ಹೋಗಿ ನೋಡುತ್ತಿರು.

ನಮ್ಮಲ್ಲಿ ಇದು ಹೇಗೆ ನಡೆಯಿತು ಎಂದು ಹೇಳುತ್ತೇನೆ. ಗದಗ ಕಡೆಯಿಂದ ಐಟಿಐ ಫಿಟ್ಟರ್ ಮುಗಿಸಿದ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದಳು. ಅವಳಿಗೆ ಲ್ಯಾಪಿಂಗ್ ಕಲಿಸಬೇಕಿತ್ತು. ಅಂದರೆ ಗೇಟ್ ವಾಲ್ವಿನೊಳಗೆ ಹರಿವು ತಡೆಯುವ ಬೆಣೆಯ ಮುಖವನ್ನು ಬೀಡಿನ (ಎರಕದ ಕಬ್ಬಿಣದ) ಪ್ಲೇಟಿನ ಮೇಲೆ ಸಾಣೆ ಪೇಸ್ಟ್ ಹಚ್ಚಿ ತಿಕ್ಕಿ ತಿಕ್ಕಿ ನುಣುಪು ಮಾಡುವುದು. ಮೊದಲ ಹೆಜ್ಜೆಗೆ ನಾನು ಕೇಳಿದೆ: "ಐಟಿಐದಾಗ ಸ್ಕ್ರೇಪಿಂಗ್ ಮಾಡೀಯೇನು ತಂಗಿ?" "ಮಾಡೀನ್ರಿ ಸರ, ಎರಡ ಸಲ." ಸರಿ, ಲೋಹದ ಮುಖ ಹೆರೆದು ಸಮ ಮಾಡುವ ಆ ಕೆಲಸ ಮಾಡಿದವಳಿಗೆ ಬ್ಲೂ ಹಚ್ಚಿ ನೋಡುವುದು, ಅಂದರೆ ನೀಲಿ ಬಣ್ಣ ಹಚ್ಚಿ ಮುಖ ಎಲ್ಲಿ ತಾಗುತ್ತದೆ ಎಂದು ನೋಡುವುದು, ಗೊತ್ತಿದೆ. ಅಲ್ಲಿಂದ ಶುರು ಮಾಡಿದರೆ ಸಾಕು, ಅ ಆ ಇ ಈಯಿಂದ ಬೇಕಿಲ್ಲ.

ಎರಡನೇ ಹೆಜ್ಜೆ. ಮೂರು ಸಲ ಮಾಡಿ ತೋರಿಸಿದೆ. ಮೊದಲ ಸಲ ಸುಮ್ನೆ ಮಾಡಿದೆ. ಎರಡನೇ ಸಲ ಮುಖ್ಯ ಹೆಜ್ಜೆ ಹೇಳುತ್ತಾ ಮಾಡಿದೆ: ಪೇಸ್ಟ್ ತೆಳುವಾಗಿ ಹಚ್ಚು, 8ರ ಆಕಾರದಲ್ಲಿ ತಿರುಗಿಸು, ಒತ್ತಡ ಸಮ ಇರಲಿ, ಒರೆಸು, ಬ್ಲೂ ಹಚ್ಚಿ ನೋಡು. ಮೂರನೇ ಸಲ ಒಂದೊಂದಕ್ಕೂ ಕಾರಣ ಹೇಳಿದೆ. 8ರ ಆಕಾರ ಯಾಕೆ? ಒಂದೇ ದಿಕ್ಕಿಗೆ ತಿಕ್ಕಿದರೆ ಒಂದೇ ಕಡೆ ಸವೆದು ಗೀರು ಬೀಳುತ್ತದೆ.

ಮೂರನೇ ಹೆಜ್ಜೆಯೇ ಕಷ್ಟದ್ದು, ಕಲಿಯುವವರಿಗಲ್ಲ, ಕಲಿಸುವವರಿಗೆ. ಅವಳು ತಿಕ್ಕುತ್ತಿದ್ದಳು. ಬಲಗೈ ಭಾರ ಜಾಸ್ತಿ ಬೀಳುತ್ತಿದೆ ಎಂದು ದೂರದಿಂದಲೇ ಕಾಣುತ್ತಿತ್ತು. ಕಸಿದುಕೊಂಡು "ಹಿಂಗ ನೋಡು" ಅನ್ನಲು ನನ್ನ ಕೈ ತುರಿಸುತ್ತಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಕಟ್ಟಿಕೊಂಡೆ. ಬ್ಲೂ ಹಚ್ಚಿ ನೋಡಿ ಅವಳೇ ಅಂದಳು: "ಸರ, ಈ ಕಡೆ ಹತ್ತೇ ಇಲ್ರಿ."

"ಯಾಕ ಹತ್ತಿಲ್ಲ ಅನಸ್ತೈತಿ?"

ಸ್ವಲ್ಪ ಹೊತ್ತು ಬೆಣೆಯನ್ನು ಆ ಕಡೆ ಈ ಕಡೆ ತಿರುವಿದಳು. "ಬಲಗೈ ಜಾಸ್ತಿ ಒತ್ತೀನೇನ್ರಿ ಸರ?"

ಆ ಪ್ರಶ್ನೆ ಅವಳ ಬಾಯಿಂದ ಬಂದದ್ದಕ್ಕೆ ಆ ತಪ್ಪು ಮತ್ತೆ ಆಗಲಿಲ್ಲ. ನಾನು ಹೇಳಿದ್ದರೆ ಇನ್ನೂ ಹತ್ತು ಸಲ ಹೇಳಬೇಕಾಗುತ್ತಿತ್ತು.

ನಾಲ್ಕನೇ ಹೆಜ್ಜೆಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಮೊದಲ ದಿನ ತಾಸಿಗೊಮ್ಮೆ ನೋಡಿ, ಮೊದಲ ವಾರ ದಿನಕ್ಕೆ ಎರಡು ಸಲ, ಆಮೇಲೆ ವಾರಕ್ಕೊಮ್ಮೆ. ತೊಡಕಾದರೆ ಯಾರನ್ನು ಕೇಳಬೇಕು ಎಂದು ಹೆಸರು ಹೇಳಿ ಹೋಗಿ.

ಜೊತೆಗೆ ಗೋಡೆಯ ಮೇಲೆ ಒಂದು ಪಟ್ಟಿ ಹಾಕಿ. ಎಡಗಡೆ ಹೆಸರು, ಮೇಲೆ ಕೆಲಸಗಳು. ಪ್ರತಿ ಚೌಕದಲ್ಲೂ ಒಂದು ವೃತ್ತ, ನಾಲ್ಕು ಭಾಗ. ಕಲಿಯಲು ಶುರು ಮಾಡಿದರೆ ಒಂದು ಭಾಗ ತುಂಬಿ, ಜೊತೆಗೆ ಯಾರಾದರೂ ನಿಂತರೆ ಮಾಡುತ್ತಾರೆ ಅಂದರೆ ಎರಡು, ಒಬ್ಬರೇ ಮಾಡಿದರೆ ಮೂರು, ಇನ್ನೊಬ್ಬರಿಗೆ ಕಲಿಸಬಲ್ಲರು ಅಂದರೆ ಪೂರ್ತಿ. ಪ್ರತಿ ಕೆಲಸಕ್ಕೂ ಕನಿಷ್ಠ ಇಬ್ಬರ ವೃತ್ತ ಮೂರು ಭಾಗ ತುಂಬಿರಬೇಕು. ನಾನು ಮೊದಲ ಸಲ ಈ ಪಟ್ಟಿ ಬರೆದಾಗ ಏಳು ಕೆಲಸಗಳ ಎದುರು ನನ್ನ ಒಂದೇ ವೃತ್ತ ಪೂರ್ತಿ ತುಂಬಿತ್ತು. ಮಿಸ್ಡ್ ಕಾಲಿನ ಕಾರಣ ಗೋಡೆ ಮೇಲೆ ಕಂಡಿತು. ಈಗ ಕರೆಂಟ್ ಹೋದರೆ ಹರಟೆ ಬದಲು ಈ ಪಟ್ಟಿ ನೋಡಿ ಯಾರಿಗೆ ಯಾರು ಕಲಿಸಬೇಕು ಎಂದು ಕೂರಿಸುತ್ತೇನೆ.

ಒಂದು ಅಡಚಣೆ ಖಂಡಿತ ಬರುತ್ತದೆ. ಹಿರಿಯರು ಕಲಿಸಲು ಒಪ್ಪುವುದಿಲ್ಲ. ಕಾಕಾ ಆರು ತಿಂಗಳು ಏನೇನೋ ನೆಪ ಹೇಳಿದರು. ಒಂದು ದಿನ ಚಹಾ ಕುಡಿಯುವಾಗ ಬಾಯಿ ಬಿಟ್ಟರು: "ಎಲ್ಲಾ ಕಲಿಸಿ ಕೊಟ್ಟ ಮ್ಯಾಲೆ ಈ ಮುದುಕನ್ನ ಯಾರು ಕೇಳ್ತಾರ?" ಅದು ಹಟ ಅಲ್ಲ, ಹೆದರಿಕೆ. ಅದನ್ನು ಮಾತಿನಿಂದ ತೆಗೆಯಲು ಆಗುವುದಿಲ್ಲ. ಅವರ ಪಗಾರದಲ್ಲಿ ಕಲಿಸುವುದಕ್ಕೆಂದೇ ಒಂದು ಭಾಗ ಸೇರಿಸಿದೆ, ಹೊಸಬರು ಯಾರೇ ಬಂದರೂ ಮೊದಲ ದಿನ ಕಾಕಾರ ಹತ್ತಿರವೇ ಕಳಿಸಿದೆ. ಈಗ ಆ ಹುಡುಗಿ ಮಾಡಿದ ಕೆಲಸ ಗಿರಾಕಿಗಳಿಗೆ ತೋರಿಸಿ "ಇದು ನಮ್ಮ ಕೈಯಾಗ ತಯಾರಾದದ್ದು" ಅನ್ನುತ್ತಾರೆ. ಹೇಳುವುದು ವಾಲ್ವಿನ ಬಗ್ಗೆಯೋ ಹುಡುಗಿಯ ಬಗ್ಗೆಯೋ ಎಂದು ಕೇಳಲು ಹೋಗಿಲ್ಲ.

ಕೈ ಬಿಡುವ ನಾಲ್ಕು ಮೆಟ್ಟಿಲು

ಕೆಲಸ ಕೊಡುವುದು ಸುಲಭ. ಕೊಟ್ಟು ಕೈ ಬಿಡುವುದು ಕಷ್ಟ. ಪೂರ್ತಿ ಬಿಟ್ಟರೂ ತಪ್ಪು, ಹಿಡಿದೇ ಇದ್ದರೂ ತಪ್ಪು. ಹಾಗಾಗಿ ಪ್ರತಿ ಕೆಲಸ ಕೊಡುವಾಗಲೂ ಯಾವ ಮೆಟ್ಟಿಲು ಎಂದು ಬಾಯಿಬಿಟ್ಟು ಹೇಳಿ.

1. ನನ್ನನ್ನು ಕೇಳಿ ಮಾಡು.
2. ನೀನು ಉಪಾಯ ತಗೊಂಡು ಬಾ, ಇಬ್ಬರೂ ಕೂತು ಠರಾಯಿಸೋಣ.
3. ನೀನೇ ಮಾಡು, ಸಂಜೆ ತಿಳಿಸು.
4. ನೀನೇ ಮಾಡು, ತಿಳಿಸಬೇಕಿಲ್ಲ.

ನಾಲ್ಕನೇ ಮೆಟ್ಟಿಲು ಎಂದು ಹೇಳಿ ಒಂದನೇ ಮೆಟ್ಟಿಲಿನವರ ಹಾಗೆ ತಾಸಿಗೊಮ್ಮೆ ಫೋನ್ ಮಾಡುವವರೇ ಜಾಸ್ತಿ. ನಾನೂ ಅದೇ ಜಾತಿ. ಅದಕ್ಕೇ ದುಡ್ಡಿನ ಮಿತಿ ಹಾಕಿಕೊಂಡೆ: ಸ್ಟೋರ್ ನೋಡುವವರು 2,000 ರೂಪಾಯಿವರೆಗಿನ ಸಾಮಾನನ್ನು ಕೇಳದೆ ತರಬಹುದು. ಮೊದಲ ತಿಂಗಳೇ 1,400 ರೂಪಾಯಿಯ ತಪ್ಪು ಸೈಜಿನ ಬೋಲ್ಟ್ ಬಂದವು. ಬಾಯಿಗೆ ಬಂದ ಮಾತು ನುಂಗಿದೆ. "ಮುಂದಿನ ಸಲ ಇದು ಆಗಬಾರದು ಅಂದ್ರ ಏನ್ ಮಾಡೂಣು?" ಅಂದೆ. ಅವರೇ ಪ್ರತಿ ಸೈಜಿನ ಒಂದೊಂದು ಬೋಲ್ಟನ್ನು ಹಲಗೆಗೆ ಕಟ್ಟಿ, ನಂಬರ್ ಬರೆದು ತೂಗು ಹಾಕಿದರು. 1,400ಕ್ಕೆ ಅಂಥ ಪಾಠ ಸಿಕ್ಕಿದ್ದು ಸೋವಿಯೇ.

ಯಾರಾದರೂ ಪ್ರಶ್ನೆ ಹಿಡಿದು ಬಂದರೆ ತಕ್ಷಣ ಉತ್ತರ ಕೊಡಬೇಡಿ. "ನಿನಗ ಏನ್ ಅನಸ್ತೈತಿ?" ಅನ್ನಿ. ಹತ್ತರಲ್ಲಿ ಎಂಟು ಸಲ ಉತ್ತರ ಅವರ ಬಾಯಲ್ಲೇ ಇರುತ್ತದೆ, ನಿಮ್ಮ ಒಪ್ಪಿಗೆ ಬೇಕಿರುತ್ತದೆ ಅಷ್ಟೇ. ಒಂದು ಕಡೆ ಮಾತ್ರ ಈ ಆಟ ಬೇಡ: ಜೀವಕ್ಕೆ ಅಪಾಯ ಇರುವ ಕೆಲಸ. ನಮ್ಮಲ್ಲಿ ವಾಲ್ವಿನ ಬಾಡಿಯನ್ನು ಅದರ ನಿಗದಿತ ಒತ್ತಡದ ಒಂದೂವರೆ ಪಟ್ಟು ನೀರಿನ ಒತ್ತಡಕ್ಕೆ ಒಡ್ಡಿ ಟೆಸ್ಟ್ ಮಾಡುತ್ತೇವೆ. ಅಲ್ಲಿ ಯಾರ ಅಭಿಪ್ರಾಯವೂ ಬೇಕಿಲ್ಲ, ನಿಯಮ ಬರೆದಂತೆ ನಡೆಯಬೇಕು.

ತಪ್ಪಾದಾಗ

ಇಲ್ಲಿ ನನ್ನದೇ ಕಥೆ ಹೇಳಬೇಕು. ನಾಳೆ ಲಾರಿ ಬರುವುದಿತ್ತು. ಟೆಸ್ಟ್ ಬೆಂಚಿನಲ್ಲಿ ಒಂದರ ಹಿಂದೆ ಒಂದು ನಾಲ್ಕು ವಾಲ್ವ್ ಸೋರಿದವು. ಜೋಡಿಸಿದವನು ಕಲಘಟಗಿ ಕಡೆಯ ಹುಡುಗ. ಎಲ್ಲರ ಎದುರು ಬೈದೆ. ಬಾಯಿಗೆ ಏನು ಬಂತೋ ಅದು. ಅವನು ತಲೆ ಎತ್ತಲಿಲ್ಲ, ಸಂಜೆ ಬುತ್ತಿ ಡಬ್ಬಿ ತಗೊಂಡು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಷ್ಟರಲ್ಲಿ ಬೇರೆಯವರು ಜೋಡಿಸಿದ ವಾಲ್ವ್‌ಗಳೂ ಸೋರತೊಡಗಿದವು. ನೋಡಿದರೆ ಬೆಂಚಿನ ಪ್ರೆಶರ್ ಗೇಜೇ ಕಡಿಮೆ ತೋರಿಸುತ್ತಿದೆ. ಮುಳ್ಳು ಸರಿಯಾದ ಕಡೆ ಬರುವಷ್ಟರಲ್ಲಿ ಒಳಗೆ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಒತ್ತಡ. ಗೇಜ್ ಸರಿ ತೋರಿಸುತ್ತಿದೆಯಾ ಎಂಬ ಪರೀಕ್ಷೆಗೆ, ಕ್ಯಾಲಿಬ್ರೇಶನ್ನಿಗೆ, ಕಳಿಸುವ ತಾರೀಕು ದಾಟಿ ಎರಡು ತಿಂಗಳಾಗಿತ್ತು. ಆ ರಿಜಿಸ್ಟರ್ ಇಡುವವನು ನಾನು.

ಅವನು ಬಾಡಿಗೆಗಿದ್ದ ಕೋಣೆಗೆ ಹೋದೆ. "ತಪ್ಪು ನಂದೈತಿ, ಬಾ" ಅಂದೆ. ಬೈದದ್ದು ಎಲ್ಲರ ಎದುರು, ಹಾಗಾಗಿ ತಪ್ಪೊಪ್ಪಿಗೆಯೂ ಎಲ್ಲರ ಎದುರೇ ಆಗಬೇಕು ಅನ್ನಿಸಿತು. ಮರುದಿನ ಬೆಳಗ್ಗೆ ಹಲಗೆಯ ಮುಂದೆ ಹೇಳಿದೆ. ಕಾಲು ನಡುಗಿದ್ದು ನಿಜ. ಅದಾದ ಮೇಲೆ ಒಂದು ಬದಲಾವಣೆ ಕಂಡೆ: ಮಂದಿ ತಮ್ಮ ತಪ್ಪನ್ನು ತಾವೇ ಬಂದು ಹೇಳತೊಡಗಿದರು.

ಅಲ್ಲಿಂದ ನನ್ನ ಕ್ರಮ ಹೀಗಿದೆ. ತಪ್ಪು ಕಂಡ ಕೂಡಲೇ ಮನುಷ್ಯನನ್ನು ನೋಡುವುದಿಲ್ಲ, ವ್ಯವಸ್ಥೆ ನೋಡುತ್ತೇನೆ: ಗೇಜ್ ಸರಿ ಇದೆಯಾ, ಡ್ರಾಯಿಂಗ್ ಹೊಸದಾ, ಮಾಲು ಸರಿಯಾದದ್ದಾ, ಬೆಳಕು ಸಾಕಾ, ಕಲಿಸಿದ್ದೆವಾ. ಇವೆಲ್ಲ ಸರಿ ಇದ್ದರೆ ಆಗ ಮನುಷ್ಯ. ಅದೂ ಅವತ್ತೇ, ಒಬ್ಬರನ್ನೇ ಕರೆದು, ಐದು ನಿಮಿಷದಲ್ಲಿ. ಕೆಲಸದ ಬಗ್ಗೆ ಮಾತ್ರ ಮಾತು. "ಈ ಮುಖಕ್ಕ ಬ್ಲೂ ಹಚ್ಚಿ ನೋಡಿಲ್ಲ" ಅಂದರೆ ಸರಿಪಡಿಸಬಹುದು. "ನಿನಗ ಲಕ್ಷ್ಯನ ಇಲ್ಲ" ಅಂದರೆ ಅವನು ಏನನ್ನು ಸರಿಪಡಿಸಬೇಕು? ಮುಗಿದ ಮೇಲೆ ಮುಗಿಯಿತು. ಆರು ತಿಂಗಳ ಹಿಂದಿನದನ್ನು ದೀಪಾವಳಿ ಬೋನಸ್ ಕೊಡುವಾಗ ಎತ್ತಬೇಡಿ.

ಇನ್ನೊಂದು ರೂಢಿಗೆ ನಮ್ಮ ಊರಲ್ಲೇ ಮಾದರಿ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಅಲ್ಲಿ ಜಾಸ್ತಿ ಕೆಲಸ ಹೆಣ್ಣುಮಕ್ಕಳದೇ. ಬಟ್ಟೆ, ಬಣ್ಣ, 24 ಗೆರೆಯ ಚಕ್ರದ ಅಚ್ಚು, ಹೊಲಿಗೆ, ಅಳತೆ, ಎಲ್ಲಕ್ಕೂ ಬಿಗಿ ನಿಯಮ. ಧ್ವಜ ಪೂರ್ತಿ ಆದ ಮೇಲೆ ನೋಡೋಣ ಎಂದು ಕೂತರೆ ಅಂಥ ಕೆಲಸ ನಡೆಯುವುದಿಲ್ಲ, ಹಂತ ಹಂತದಲ್ಲೇ ತಪಾಸಣೆ ಬೇಕು. ನಾನೂ ಹಾಗೆ ಮಾಡಿದೆ. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ತಾವೇ ನೋಡಿ, ಚೀಟಿಯಲ್ಲಿ ಸಹಿ ಹಾಕಿ ಮುಂದಿನವರಿಗೆ ಕೊಡುತ್ತಾರೆ. ಕೊನೆಯ ಟೆಸ್ಟಿನಲ್ಲಿ ಬೀಳುವ ತಪ್ಪು ಕಡಿಮೆಯಾಯಿತು, ಬೈಯುವ ಸಂದರ್ಭಗಳೂ.

ಎಷ್ಟು ಹೇಳಿದರೂ ತಿದ್ದಿಕೊಳ್ಳದವರೂ ಇರುತ್ತಾರೆ. ಕಲಿಸಿ, ಹೇಳಿ, ಬರೆದು ಕೊಟ್ಟು, ಗಡುವು ಕೊಟ್ಟು ನೋಡಿ. ಆಗದಿದ್ದರೆ ಕಳಿಸಿ. ಕುಡಿದು ಬರುತ್ತಿದ್ದ ಒಬ್ಬರನ್ನು ನಾನು ಎಂಟು ತಿಂಗಳು ಎಳೆದಾಡಿದೆ, ಪಾಪ ಅಂತ. ಅಷ್ಟೂ ದಿನ ಅವರ ಪಾಲಿನ ಕೆಲಸ ಉಳಿದವರ ಹೆಗಲ ಮೇಲಿತ್ತು. ಆ ಉಳಿದವರ ಬಗ್ಗೆ ಪಾಪ ಅನ್ನಲಿಲ್ಲವಲ್ಲ ನಾನು.

ಹೊಗಳುವುದು

ಚಿಕ್ಕದಾಗಿ ಹೇಳುತ್ತೇನೆ, ಹೊಗಳಿಕೆಯೂ ಚಿಕ್ಕದಾಗಿರಬೇಕು. "ಭಾರಿ ಮಾಡಿದಿ" ಅನ್ನುವುದಕ್ಕಿಂತ "ಥ್ರೆಡ್ ಕಡಿದದ್ದು ನೋಡಿ ನಿಲ್ಲಿಸಿದೆಲ್ಲ, ಅದು ಚಲೋ ಆತು" ಅನ್ನಿ. ಏನು ಚೆನ್ನಾಗಿತ್ತು ಎಂದು ಗೊತ್ತಾದರೆ ಅದನ್ನೇ ಮತ್ತೆ ಮಾಡುತ್ತಾರೆ. ಮತ್ತೆ, ಗಿರಾಕಿ ಎದುರು ನಿಮ್ಮ ಹೆಸರು ಬೇಡ, ಮಾಡಿದವರ ಹೆಸರು ಹೇಳಿ.

ತಿಂಗಳಿಗೊಮ್ಮೆ ಕೂತು ಮಾತು

ಪ್ರತಿಯೊಬ್ಬರ ಜೊತೆ ತಿಂಗಳಿಗೆ ಅರ್ಧ ತಾಸು. ಹದಿನಾಲ್ಕು ಮಂದಿಗೆ ಏಳು ತಾಸು. ಜಾಸ್ತಿ ಅನ್ನಿಸುತ್ತದೆ, ಆದರೆ ಆ ನಲವತ್ತೆರಡು ಮಿಸ್ಡ್ ಕಾಲಿಗೆ ಹೋಲಿಸಿದರೆ ಏನೂ ಅಲ್ಲ. ಕ್ಯಾಬಿನ್ನಿಗೆ ಕರೆಯಬೇಡಿ, ಕ್ಯಾಬಿನ್ ಅಂದರೆ ಬೈಸಿಕೊಳ್ಳುವ ಜಾಗ ಎಂದೇ ಎಲ್ಲರಿಗೂ ಗೊತ್ತು. ನಾನು ಚಹಾದಂಗಡಿಗೆ ಕರೆದುಕೊಂಡು ಹೋಗುತ್ತೇನೆ, ಮಿರ್ಚಿ ಗಿರ್ಮಿಟ್ ಹೇಳುತ್ತೇನೆ. ಬಾಯಲ್ಲಿ ಖಾರ ಇದ್ದಾಗ ಮನುಷ್ಯ ಸ್ವಲ್ಪ ಸಡಿಲಾಗುತ್ತಾನೆ, ಇದು ನನ್ನ ಅನುಭವ.

ನಾಲ್ಕು ಪ್ರಶ್ನೆ ಸಾಕು. ಈ ತಿಂಗಳು ಯಾವ ಕೆಲಸ ಖುಷಿ ಕೊಟ್ಟಿತು? ಯಾವುದು ತಲೆ ತಿಂದಿತು? ಮುಂದೆ ಏನು ಕಲಿಯಬೇಕು ಅಂದುಕೊಂಡಿದ್ದೀಯ? ನಾನು ಏನು ಬದಲಿಸಿಕೊಂಡರೆ ನಿನಗೆ ಸುಲಭ? ಕೊನೆಯದಕ್ಕೆ ಮೊದಲ ಮೂರು ತಿಂಗಳು "ಏನಿಲ್ರಿ ಸರ, ಎಲ್ಲಾ ಚಲೋ ಐತಿ" ಎಂದೇ ಬರುತ್ತದೆ. ಕೇಳುತ್ತಲೇ ಇರಿ. ನಾಲ್ಕನೇ ತಿಂಗಳು ಒಬ್ಬ ಹೇಳಿದ: "ಸರ, ನೀವು ಹಿಂದ ಬಂದು ಸುಮ್ನ ನಿಂತ್ರ ಕೈ ನಡಗ್ತಾವ್ರಿ." ಆರು ವರ್ಷದಿಂದ ನಾನು ಅದನ್ನು ಉಸ್ತುವಾರಿ ಅಂದುಕೊಂಡಿದ್ದೆ. ಈಗ ಎದುರಿನಿಂದ ಬರುತ್ತೇನೆ, ಒಂದು ಮಾತಾಡಿಸಿ ಆಮೇಲೆ ನೋಡುತ್ತೇನೆ.

ಹೇಳಿದ್ದನ್ನು ವಹಿಯಲ್ಲಿ ಬರೆದುಕೊಳ್ಳಿ. ಮುಂದಿನ ತಿಂಗಳು ಅದರಿಂದಲೇ ಶುರು ಮಾಡಿ.

ಪಗಾರ, ರಜೆ

ಮೇಲಿನದೆಲ್ಲ ಮಾಡಿ ಪಗಾರ ತಡ ಮಾಡಿದರೆ ಎಲ್ಲ ನೀರು ಪಾಲು. ನಮ್ಮಂಥ ಸಣ್ಣ ಘಟಕಗಳು ತಿಂಗಳ ಪಗಾರವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು ಎಂಬುದು ಕಾನೂನು. ನಾನು 5ಕ್ಕೆ ಕೊಡುತ್ತೇನೆ. ಕಾನೂನಿನ ಪ್ರಕಾರ ಓವರ್‌ಟೈಮಿಗೆ ಮಾಮೂಲಿ ದರದ ಎರಡರಷ್ಟು. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರುವವರಿಗೆ ಪಗಾರದಲ್ಲಿ 0.75 ಶೇಕಡಾ ಅವರದು, 3.25 ಶೇಕಡಾ ನಿಮ್ಮದು. ಕಡಿತ ಯಾಕೆ, ಅದರಿಂದ ಏನು ಸಿಗುತ್ತದೆ ಎಂದು ಪಗಾರದ ಚೀಟಿ ಹಿಡಿದು ಒಬ್ಬೊಬ್ಬರಿಗೂ ವಿವರಿಸಿ. ದುಡ್ಡು ಎಲ್ಲಿ ಹೋಯಿತು ಎಂಬ ಅನುಮಾನ ಬಾಯಿಬಿಟ್ಟು ಯಾರೂ ಕೇಳುವುದಿಲ್ಲ, ಆದರೆ ಎಲ್ಲರಲ್ಲೂ ಇರುತ್ತದೆ.

ರಜೆಗೆ ಯುಗಾದಿಯ ಹೊತ್ತಿಗೇ ಒಂದು ಕ್ಯಾಲೆಂಡರ್ ತೂಗು ಹಾಕಿ. ಅವರವರ ಊರ ಜಾತ್ರೆ, ಬಿತ್ತನೆ, ಸುಗ್ಗಿ, ಮನೆಯ ಮದುವೆ, ಎಲ್ಲ ಅವರೇ ಬರೆಯಲಿ. ಒಂದೇ ದಿನ ಐದು ಮಂದಿ ಬಿದ್ದರೆ ಅವರವರೇ ಮಾತಾಡಿ ಬಗೆಹರಿಸಿಕೊಳ್ಳುತ್ತಾರೆ. ನೀವು ನಡುವೆ ಹೋಗಬೇಡಿ.

ವಾಟ್ಸಾಪ್ ಗ್ರೂಪಿನಲ್ಲಿ ಬೈಯಬೇಡಿ, ರಾತ್ರಿ 8ರ ನಂತರ ಕೆಲಸದ ಮೆಸೇಜ್ ಹಾಕಬೇಡಿ. ಇದಕ್ಕೆ ವಿವರಣೆ ಬೇಕಿಲ್ಲ.

ಮನಸ್ತಾಪ ಉಳಿದಿದ್ದರೆ ವರ್ಷಕ್ಕೊಂದು ದಿನ ನಮ್ಮ ಕಡೆ ತಾನಾಗಿಯೇ ಸಿಗುತ್ತದೆ. ದಸರಾಕ್ಕೆ ಬನ್ನಿ ಕೊಡುವಾಗ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ನೀವೇ ಮೊದಲು ಹೋಗಿ ಕೊಡಿ.

ಎರಡನೇ ಸಾಲು

ಗದಗಿನ ವೀರೇಶ್ವರ ಪುಣ್ಯಾಶ್ರಮದ ವಿಷಯ ನಿಮಗೆ ಗೊತ್ತೇ ಇದೆ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಸ್ವಂತ ಕಾಲ ಮೇಲೆ ನಿಲ್ಲಿಸಿದರು. 1944ರಲ್ಲಿ ಅವರು ತೀರಿಕೊಂಡಾಗ ಆಶ್ರಮ ಹೊತ್ತವರು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದವರು, ಆಗ ಮೂವತ್ತರ ವಯಸ್ಸು. 2010ರವರೆಗೆ ನಡೆಸಿದರು. ಗುರುಗಳು ಇರುವಾಗಲೇ ಶಿಷ್ಯ ತಯಾರಾಗಿದ್ದರಿಂದ ತಾನೇ ಅದು ನಿಂತದ್ದು? ದೊಡ್ಡವರ ಜೊತೆ ಶೆಡ್ಡನ್ನು ಹೋಲಿಸುತ್ತಿಲ್ಲ, ತಪ್ಪು ತಿಳಿಯಬೇಡಿ. ಆದರೆ ನಿಮ್ಮ ಜಾಗಕ್ಕೆ ಯಾರು ಎಂಬ ಪ್ರಶ್ನೆಗೆ ಉತ್ತರ ಇವತ್ತೇ ಇರಬೇಕು.

ನಾನು ಮಾಡಿದ್ದು ಇಷ್ಟು. ನನ್ನ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ, ಇಪ್ಪತ್ತಮೂರು ಬಂದವು. ತಿಂಗಳಿಗೆ ಒಂದರಂತೆ ಬೇರೆಯವರಿಗೆ ದಾಟಿಸಿದೆ, ಮೇಲೆ ಹೇಳಿದ ನಾಲ್ಕು ಮೆಟ್ಟಿಲು ಹತ್ತಿಸಿ. ಬೆಳಗಿನ ಸಭೆಯನ್ನು ವಾರಕ್ಕೊಬ್ಬರು ನಡೆಸತೊಡಗಿದರು. ತಿಂಗಳಿಗೊಂದು ದಿನ ನಾನು ಬೇಕಂತಲೇ ಶೆಡ್ಡಿಗೆ ಹೋಗುವುದನ್ನು ಬಿಟ್ಟೆ. ಮೊದಲ ಸಲ ಉಣಕಲ್ ಕೆರೆ ದಂಡೆಯಲ್ಲಿ ಕೂತು ಫೋನನ್ನೇ ನೋಡುತ್ತಿದ್ದೆ.

ಕಲಿತವರು ಬಿಟ್ಟು ಹೋಗುತ್ತಾರೆ, ಅದೂ ಬರುತ್ತದೆ. ಕಲಘಟಗಿಯ ಆ ಹುಡುಗ ಈಗ ಪುಣೆಯಲ್ಲಿ ಇದ್ದಾನೆ, ನಮಗಿಂತ ಒಂದೂವರೆ ಪಟ್ಟು ಪಗಾರ. ಹೋಗುವಾಗ ಮುಖ ಗಂಟಿಕ್ಕಬೇಡಿ. ಅವನಾದ ಮೇಲೆ ಅವನ ಊರಿಂದಲೇ ಇಬ್ಬರು ಹುಡುಗರು ಬಂದರು, ಅವನೇ ಕಳಿಸಿದ್ದು.

ಹೋದ ವರ್ಷ ಹಾವೇರಿಯಲ್ಲಿ ತಂಗಿಯ ಮಗಳ ಮದುವೆ. ನಾಲ್ಕು ದಿನ ಹೋಗಿದ್ದೆ. ಶೆಡ್ಡಿನ ಹೊಣೆ ಆ ಗದಗಿನ ಹುಡುಗಿಯದು, ಕಾಕಾ ಜೊತೆಗೆ. ಮೂರು ದಿನ ಫೋನ್ ಬರಲಿಲ್ಲ. ನಾನೇ ಎರಡು ಸಲ ಸಿಗ್ನಲ್ ಇದೆಯಾ ಎಂದು ನೋಡಿದೆ. ನಾಲ್ಕನೇ ದಿನ, ಅಕ್ಕಿಕಾಳಿನ ಹೊತ್ತಿಗೆ, ರಿಂಗಾಯಿತು.

"ಸರ, ಲೋಡ್ ಹೋತ್ರಿ, ಏನೂ ತೊಂದರಿ ಇಲ್ಲ. ಒಂದ ಕೇಳೂದಿತ್ತು. ಚಹಾದಂವ ಬಂದು ಕೂತಾನ್ರಿ. ಅವನ ಉದ್ರಿ ಲೆಕ್ಕ ಎಲ್ಲೈತ್ರಿ?"

ಅದು ನನ್ನ ಅಂಗಿಯ ಕಿಸೆಯಲ್ಲಿತ್ತು, ಮಡಚಿದ ಚೀಟಿಯಲ್ಲಿ. ಇಪ್ಪತ್ತಮೂರರ ಪಟ್ಟಿಯಲ್ಲಿ ಬರೆಯಲು ಮರೆತದ್ದು ಅದೊಂದೇ. ಸೋಮವಾರ ಶೆಡ್ಡಿಗೆ ಹೋಗಿ ಆ ಚೀಟಿಯನ್ನೂ ಹಲಗೆಗೆ ಚುಚ್ಚಿದೆ.